ಅರಬ್ ದೇಶಕ್ಕೆ ಹೊರಡುವ ಮುಂಚೆ

ನಮ್ಮ ಕರಾವಳಿಯಿಂದ ಅನೇಕರು ದುಡಿಯಲು ದುಬೈ, ಸೌದಿ, ಕುವೈತ್ ಕಡೆ ಹೋಗುತ್ತಾರೆ. ಅಲ್ಲಿನ ಭಾಷೆ ಅರಬ್ಬಿ. ಹಿಂದಿ ಬಲ್ಲವರೂ ಅಲ್ಲಿ ಸಿಗುತ್ತಾರೆ. ಆದರೆ ಕಷ್ಟ ಬಂದಾಗ ಅವರು ಪಕ್ಕದಲ್ಲೇ ಇರುತ್ತಾರೆಯೇ? ಅದಕ್ಕೇ ನಾವು ನಾಲ್ಕು ಮಾತು ಕಲಿತು ಹೊರಡೋಣ.

'ಮಾಯ್' ಎಂದರೆ ನೀರು. 'ಮುಸ್ತಶ್ಫಾ' ಎಂದರೆ ಆಸ್ಪತ್ರೆ. 'ಸಾಇದ್ನಿ' ಎಂದರೆ ನನಗೆ ಸಹಾಯ ಮಾಡಿ. 'ಶುಕ್ರನ್' ಎಂದರೆ ಉಪಕಾರವಾಯಿತು. 'ಅನಾ ಹಿಂದಿ' ಎಂದರೆ ನಾನು ಭಾರತದವನು. ಹೆಂಗಸರು 'ಅನಾ ಹಿಂದಿಯಾ' ಅನ್ನಬೇಕು.

ಕೆಲವು ಮಾತು ನಮಗೆ ಹೊಸದಲ್ಲ. ಅಪಾಯದ ಕೆಲಸವನ್ನು ನಾವು ಖತರ್‌ನಾಕ್ ಅಂತೀವಿ. ಅರಬ್ಬಿಯಲ್ಲೂ 'ಖತರ್' ಎಂದರೆ ಅಪಾಯ. ನಮ್ಮ ದವಾಖಾನೆಯ 'ದವಾ' ಅಲ್ಲೂ ಔಷಧವೇ. ಹಿಸಾಬು, ತಾರೀಖು ಕೂಡ ಅರಬ್ಬಿಯಿಂದ ಬಂದ ಮಾತುಗಳು.

'ರಾತಿಬ್' ಎಂದರೆ ಸಂಬಳ. ಇದನ್ನು ಮರೆಯಬಾರದು. ಕೆಲವು ಕಾಗದಗಳಲ್ಲಿ ಸಂಬಳವನ್ನು ಅರಬ್ಬಿ ಅಂಕಿಯಲ್ಲಿ ಬರೆದಿರುತ್ತಾರೆ. ಅಲ್ಲಿ ಅಕ್ಷರ ಬಲದಿಂದ ಎಡಕ್ಕೆ ಸಾಗುತ್ತದೆ. ಅಂಕಿ ಮಾತ್ರ ನಮ್ಮ ಹಾಗೆ ಎಡದಿಂದ ಬಲಕ್ಕೆ. ಆದರೆ ಅಲ್ಲಿ ಸೊನ್ನೆ ಎಂದರೆ ಬರೀ ಚುಕ್ಕೆ. ನಮ್ಮ ಸೊನ್ನೆಯಂತೆ ಕಾಣುವ ದುಂಡು ಅಂಕಿ ಅಲ್ಲಿ ಐದು! ಒಂದು ದುಂಡು, ಅದರ ಬಲಕ್ಕೆ ಎರಡು ಚುಕ್ಕೆ ಇದ್ದರೆ 500. ಮೂರು ಚುಕ್ಕೆ ಇದ್ದರೆ 5,000. ಒಂದು ಚುಕ್ಕೆ ತಪ್ಪಿದರೆ ಎಷ್ಟು ನಷ್ಟ, ನೋಡಿ.

'ತೌಕೀ' ಎಂದರೆ ಸಹಿ. ಕಾಗದದಲ್ಲಿ ಏನಿದೆ ಎಂದು ತಿಳಿಯದೆ ಸಹಿ ಹಾಕುವುದು ಬೇಡ. ಬಲ್ಲವರಿಂದ ಓದಿಸಿ ಕೇಳೋಣ. ಅಕ್ಷರ ಕಲಿತ ಮೇಲೂ ಕಣ್ಣು ಮುಚ್ಚಿ ಸಹಿ ಹಾಕಿದರೆ, ಅದು ಹೆಬ್ಬೆಟ್ಟು ಒತ್ತಿದ ಹಾಗೇ ಅಲ್ಲವೇ?