ಅಜ್ಜಿಯ ಕಣ್ಣು, ಅಜ್ಜನ ಲೆಕ್ಕ

ಮಕ್ಕಳೇ, ಅಂಗಡಿಗೆ ಹೋದರೆ ಪೆನ್ಸಿಲಿಗೆ ಎಷ್ಟು ಎಂದು ಕೇಳಿಯೇ ಕೊಳ್ಳುತ್ತೀರಿ, ಅಲ್ಲವೇ? ಆಸ್ಪತ್ರೆಯಲ್ಲಿ ಮಾತ್ರ ನಾವು ದೊಡ್ಡವರು ಹಾಗೆ ಕೇಳಲು ಹಿಂಜರಿಯುತ್ತೇವೆ.

ನಮ್ಮ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಾತ್ರೆ ಮುಗಿದ ವಾರ. ನನ್ನ ಹೆಂಡತಿ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿದಳು. ಮೊಮ್ಮಗಳು ನಕ್ಕಳು, ಅಜ್ಜಿ ನಗಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಮಸುಕಾಗುವುದೇ ಪೊರೆ. ಅದನ್ನು ತೆಗೆದು ಕೃತಕ ಮಸೂರ ಕೂರಿಸುತ್ತಾರೆ. ಅಂಥ ಮಸೂರವನ್ನು ಮೊದಲು ಕೂರಿಸಿದವರು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ, 1949ರಲ್ಲಿ.

ಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. "ಒಂದು ಕಣ್ಣಿಗೆ ಹದಿನೆಂಟು ಸಾವಿರ ಆಗಬಹುದು, ಅಜ್ಜಾರೆ" ಎಂದರು ಕೌಂಟರಿನಲ್ಲಿ. ಬ್ಯಾಂಕಿನಲ್ಲಿ ವೋಚರ್ ನೋಡದೆ ಒಂದು ರೂಪಾಯಿ ಕೊಡದಿದ್ದ ನಾನು "ಹೂಂ" ಎಂದುಬಿಟ್ಟೆ! ಎಂಟನೇ ಕ್ಲಾಸಿನ ಮೊಮ್ಮಗಳೇ ಕೇಳಿದಳು: "ಅದರಲ್ಲಿ ಏನೇನು ಸೇರಿದೆ?"

ಆಗ ಹೊರಬಿತ್ತು. ಮಸೂರಕ್ಕೆ 6,500, ಪರೀಕ್ಷೆಗಳಿಗೆ 2,000, ಔಷಧಿಗೆ 1,000, ಎಲ್ಲ ಬೇರೆ! ಒಟ್ಟು 27,500. ಎರಡು ಕಣ್ಣಿಗೆ 55,000.

"ನನಗೆ ಒಂದೇ ಕಣ್ಣು ಸಾಕು ಬಿಡಿ" ಎಂದಳು ನನ್ನ ಹೆಂಡತಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನದಿಂದ ವಿಚಾರಿಸತೊಡಗಿದೆ. ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕೆಂದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ನಮ್ಮಂಥ ಎಪಿಎಲ್‌ನವರಿಗೆ ಸರ್ಕಾರಿ ದರದ ಶೇ. 30ರಷ್ಟು ಸಿಗುತ್ತದೆ. ಇನ್ನು 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆ ಶಸ್ತ್ರಚಿಕಿತ್ಸೆ ಉಚಿತ. ನಮ್ಮ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಇದೆ, ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಇದೆ.

ಸರ್ಕಾರಿ ಆಸ್ಪತ್ರೆಯಲ್ಲೇ ಒಂದಾದ ಮೇಲೊಂದು ಎರಡೂ ಕಣ್ಣಿನ ಚಿಕಿತ್ಸೆ ಆಯಿತು. ನಮಗೆ ತಗುಲಿದ್ದು ಬಸ್ ಚಾರ್ಜು, ಊಟದ ಖರ್ಚು.

ಅಜ್ಜ-ಅಜ್ಜಿಯರೇ, ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಒಟ್ಟು ಎಷ್ಟು? ಅದರಲ್ಲಿ ಏನೇನು ಸೇರಿದೆ? ಯಾವ ಯೋಜನೆ ಅನ್ವಯಿಸುತ್ತದೆ? ಬರೆದು ಕೊಡುತ್ತೀರಾ? ನಾಚಿಕೆಯಾದರೆ ಮೊಮ್ಮಕ್ಕಳನ್ನು ಕರೆದೊಯ್ಯಿರಿ. ಸರ್ಕಾರದ ಆರೋಗ್ಯ ಸಹಾಯವಾಣಿ 104 ಕೂಡ ಇದೆ.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ನನ್ನ ಹೆಂಡತಿ ಮೊಮ್ಮಗಳ ಮುಖವನ್ನೇ ದಿಟ್ಟಿಸಿದಳು. "ಕೆನ್ನೆ ಮೇಲೆ ಈ ಮಚ್ಚೆ ಯಾವಾಗ ಬಂತೇ?"

"ಮೊದಲಿಂದಲೂ ಇತ್ತು, ಅಜ್ಜಿ."