ಚಂದಾ ಆಧಾರಿತ ಕಚೇರಿ ತಂತ್ರಾಂಶದಲ್ಲಿ ಅಂತರ್ಜಾಲವಿಲ್ಲದೆ ಅರ್ಜಿ ಸಿದ್ಧಪಡಿಸುವ ಕುರಿತು

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ:

ಅರ್ಜಿ ಹಾಗೂ ಮೇಲ್ಮನವಿಗಳನ್ನು ಮನೆಯ ಗಣಕಯಂತ್ರದಲ್ಲಿಯೇ ಬೆರಳಚ್ಚು ಮಾಡಿ ತರುವ ನಾಗರಿಕರಲ್ಲಿ ಹಲವರು ಮೈಕ್ರೋಸಾಫ್ಟ್ 365 ಎಂಬ ತಂತ್ರಾಂಶವನ್ನು ಬಳಸುತ್ತಿರುತ್ತಾರೆ. ಇದಕ್ಕೆ ತಿಂಗಳ ಅಥವಾ ವರ್ಷದ ಚಂದಾ ಕಟ್ಟಬೇಕಾಗುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಖರೀದಿಯಲ್ಲ, ಬಾಡಿಗೆ. ಬಾಡಿಗೆ ಸಂದಾಯವಾಗಿದೆಯೇ ಎಂಬುದನ್ನು ತಂತ್ರಾಂಶವು ಅಂತರ್ಜಾಲದ ಮೂಲಕ ಆಗಾಗ್ಗೆ ಪರಿಶೀಲಿಸಿಕೊಳ್ಳುತ್ತದೆ.

ತಂತ್ರಾಂಶವನ್ನು ಅಳವಡಿಸಿ ಸಕ್ರಿಯಗೊಳಿಸಲು ಅಂತರ್ಜಾಲ ಅವಶ್ಯ. ಆನಂತರ ವರ್ಡ್, ಎಕ್ಸೆಲ್ ಮುಂತಾದವು ಸಂಪರ್ಕವಿಲ್ಲದೆಯೂ ಎಂದಿನಂತೆ ನಡೆಯುತ್ತವೆ. ಆದರೆ ಸುಮಾರು ಒಂದು ತಿಂಗಳಿನಲ್ಲಿ (ಯೋಜನೆಗೆ ಅನುಗುಣವಾಗಿ 30 ಅಥವಾ 31 ದಿನ) ಒಮ್ಮೆಯೂ ಸಂಪರ್ಕ ದೊರೆಯದಿದ್ದಲ್ಲಿ ತಂತ್ರಾಂಶವು ಸೀಮಿತ ಬಳಕೆಯ ಸ್ಥಿತಿಗೆ ಹೋಗುತ್ತದೆ. ಆಗ ಹಳೆಯ ಕಡತವನ್ನು ತೆರೆದು ಓದಬಹುದು, ಮುದ್ರಿಸಬಹುದು. ಒಂದಕ್ಷರ ತಿದ್ದಲೂ ಹೊಸ ಕಡತ ಆರಂಭಿಸಲೂ ಬರುವುದಿಲ್ಲ. ಚಂದಾ ಪೂರ್ತಿ ಕಟ್ಟಿದ್ದರೂ ಇದೇ ನಿಯಮ. ಕಡತಗಳು ಅಳಿಸಿಹೋಗಿವೆ ಎಂದು ಗಾಬರಿಪಡುವ ಕಾರಣವಿಲ್ಲ.

ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವುಂಟು. ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 19(1)ರನ್ವಯ ಮೊದಲ ಮೇಲ್ಮನವಿಗೆ ಇರುವ ಅವಧಿ 30 ದಿನ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 136(2)ರನ್ವಯ ಹಕ್ಕು ಬದಲಾವಣೆಯ ಆದೇಶದ ವಿರುದ್ಧ ಉಪವಿಭಾಗಾಧಿಕಾರಿಗಳಿಗೆ ಸಲ್ಲಿಸುವ ಮೇಲ್ಮನವಿಗೆ 60 ದಿನ. ಕರಡು ಸಿದ್ಧವಿದೆ, ಕೊನೆಯ ವಾರದಲ್ಲಿ ತಿದ್ದಿ ಮುದ್ರಿಸೋಣ ಎಂದುಕೊಂಡ ಗ್ರಾಮಸ್ಥರಿಗೆ ಅದೇ ವಾರ ತಂತ್ರಾಂಶವು ಬೀಗ ಹಾಕಿಕೊಂಡಿರಬಹುದು. ಸಮಂಜಸ ಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸಲು ಅವಕಾಶವಿದೆಯಾದರೂ ಅದು ಮೇಲ್ಮನವಿ ಪ್ರಾಧಿಕಾರಕ್ಕೆ ಮನವರಿಕೆಯಾಗುವುದನ್ನು ಅವಲಂಬಿಸಿರುತ್ತದೆ. ಗಣಕಯಂತ್ರ ಕೈಕೊಟ್ಟಿತೆಂಬ ಕಾರಣವನ್ನೇ ನೆಚ್ಚಿಕೊಂಡು ಕೂರುವುದು ಸೂಕ್ತವಲ್ಲ.

ಪರಿಹಾರ ಸುಲಭವಾಗಿದೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದಿದ್ದರೂ ತಿಂಗಳಿಗೊಮ್ಮೆ, ಅವಧಿ ಮುಗಿಯುವ ಮುನ್ನ, ಮೊಬೈಲ್ ದೂರವಾಣಿಯ ಹಾಟ್‌ಸ್ಪಾಟ್‌ಗೆ ಗಣಕಯಂತ್ರವನ್ನು ಜೋಡಿಸಿ ವರ್ಡ್ ತೆರೆದು ಕೆಲ ನಿಮಿಷ ಬಿಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ. ಊರಿನಲ್ಲಿ ಸಿಗ್ನಲ್ ಸಿಗದಿದ್ದವರು ಸಂತೆಗೋ ಬ್ಯಾಂಕಿಗೋ ಪಟ್ಟಣಕ್ಕೆ ಬರುವಾಗ ಲ್ಯಾಪ್‌ಟಾಪ್ ತಂದು ಈ ಕೆಲಸ ಮುಗಿಸಿಕೊಳ್ಳಬಹುದು. ಸಂಪರ್ಕ ದೊರೆತರೂ ತಂತ್ರಾಂಶ ತೆರೆದುಕೊಳ್ಳದಿದ್ದಲ್ಲಿ ಮೊದಲು ಗಣಕಯಂತ್ರದ ದಿನಾಂಕ ಮತ್ತು ವೇಳೆಯನ್ನು ನೋಡತಕ್ಕದ್ದು. ಹಳೆಯ ಯಂತ್ರಗಳಲ್ಲಿ ಒಳಗಿನ ಚಿಕ್ಕ ಬ್ಯಾಟರಿ ಸತ್ತು ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಸಕ್ರಿಯಗೊಳಿಸುವಿಕೆ ವಿಫಲವಾಗಬಹುದು. ಚಂದಾ ಅವಧಿಯೇ ಮುಗಿದಿದ್ದಲ್ಲಿ ಮಾತ್ರ ಸಂಪರ್ಕದಿಂದ ಪ್ರಯೋಜನವಿಲ್ಲ, ಹಣ ಕಟ್ಟಿ ನವೀಕರಿಸಬೇಕು.

ಕಡತ ಎಲ್ಲಿ ಉಳಿದಿದೆ ಎಂಬುದೂ ಮುಖ್ಯ. ಈ ತಂತ್ರಾಂಶವು ಕಡತಗಳನ್ನು ಒನ್‌ಡ್ರೈವ್ ಎಂಬ ಅಂತರ್ಜಾಲ ಸಂಗ್ರಹದಲ್ಲಿ ಉಳಿಸಲು ಸೂಚಿಸುತ್ತದೆ. ಅಲ್ಲಿ ಮಾತ್ರ ಇರುವ ಕಡತದ ಹೆಸರು ಪರದೆಯ ಮೇಲೆ ಕಂಡರೂ ಸಂಪರ್ಕವಿಲ್ಲದಾಗ ಅದು ತೆರೆಯುವುದಿಲ್ಲ. ಆದ್ದರಿಂದ ಅರ್ಜಿಯ ಕರಡನ್ನು ಗಣಕಯಂತ್ರದ ಸ್ವಂತ ಡಿಸ್ಕ್‌ನಲ್ಲಿಯೂ ಪೆನ್‌ಡ್ರೈವ್‌ನಲ್ಲಿಯೂ ಇಟ್ಟುಕೊಳ್ಳಲು ಕೋರಲಾಗಿದೆ.

ಪತ್ರ ಬರೆಯುವುದಕ್ಕಷ್ಟೇ ಗಣಕಯಂತ್ರ ಬಳಸುವವರು ಪ್ರತಿ ವರ್ಷ ಚಂದಾ ಕಟ್ಟುವ ಅಗತ್ಯವಿದೆಯೇ ಎಂಬುದನ್ನು ಯೋಚಿಸಬಹುದು. ಒಮ್ಮೆ ಹಣ ಕೊಟ್ಟು ಕೊಳ್ಳುವ ಆಫೀಸ್ 2024 ಆವೃತ್ತಿಗೆ ಈ ಮಾಸಿಕ ಪರಿಶೀಲನೆ ಇಲ್ಲ. ಲಿಬ್ರೆ ಆಫೀಸ್ ಉಚಿತವಾದುದು. ಒಮ್ಮೆ ಅಳವಡಿಸಿದ ಬಳಿಕ ಅಂತರ್ಜಾಲವನ್ನು ಕೇಳುವುದೇ ಇಲ್ಲ, ವರ್ಡ್ ಕಡತಗಳನ್ನೂ ತೆರೆಯುತ್ತದೆ. ಪುಟದ ವಿನ್ಯಾಸ ಅಲ್ಲಲ್ಲಿ ಸ್ವಲ್ಪ ಪಲ್ಲಟವಾಗುವುದುಂಟು, ಮುದ್ರಿಸುವ ಮುನ್ನ ನೋಡಿಕೊಳ್ಳಬೇಕು. ವಿಂಡೋಸ್‌ನೊಂದಿಗೆ ಬರುತ್ತಿದ್ದ ವರ್ಡ್‌ಪ್ಯಾಡ್ ಅನ್ನು ವಿಂಡೋಸ್ 11ರ 2024ರ ಆವೃತ್ತಿಯಿಂದ ತೆಗೆದುಹಾಕಲಾಗಿದೆ. ನೋಟ್‌ಪ್ಯಾಡ್ ಉಳಿದಿದ್ದು, ಯೂನಿಕೋಡ್ ಕನ್ನಡದಲ್ಲಿ ಸರಳ ಅರ್ಜಿಯನ್ನು ಅದರಲ್ಲಿಯೇ ಬರೆಯಬಹುದು.

ಮುದ್ರಣಕ್ಕೆ ಜೆರಾಕ್ಸ್ ಅಂಗಡಿಗೆ ಕಡತ ಒಯ್ಯುವವರು ಪಿಡಿಎಫ್ ರೂಪದಲ್ಲಿ ಒಯ್ಯುವುದು ಒಳಿತು. ಯೂನಿಕೋಡ್ ಅಲ್ಲದ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತವು ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಪಿಡಿಎಫ್‌ನಲ್ಲಿ ಈ ತೊಡಕು ಸಾಮಾನ್ಯವಾಗಿ ಬರುವುದಿಲ್ಲ. ಸೀಮಿತ ಬಳಕೆಯ ಸ್ಥಿತಿಯಲ್ಲಿಯೂ ಮುದ್ರಣಕ್ಕೆ ಅವಕಾಶವಿರುವುದರಿಂದ, ವಿಂಡೋಸ್ 10 ಮತ್ತು 11ರಲ್ಲಿ ಮುದ್ರಣಯಂತ್ರದ ಬದಲು 'ಪ್ರಿಂಟ್ ಟು ಪಿಡಿಎಫ್' ಆಯ್ದು ಕಡತವನ್ನು ಹೊರತೆಗೆದುಕೊಳ್ಳಬಹುದಾಗಿದೆ.

ಸೇವಾ ಸಿಂಧು ಮೂಲಕ ಸಲ್ಲಿಸುವ ಅರ್ಜಿಗಳಿಗೆ ಮೇಲಿನ ವಿವರಗಳು ಅನ್ವಯಿಸುವುದಿಲ್ಲ. ಅವುಗಳಿಗೆ ಅಂತರ್ಜಾಲ ಬೇಕೇ ಬೇಕು.

ಬೆರಳಚ್ಚು ಮಾಡಿದ ಅರ್ಜಿಯನ್ನೇ ತರಬೇಕೆಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ಮಾಹಿತಿ ಹಕ್ಕು ಅಧಿನಿಯಮವು ಅರ್ಜಿ ಲಿಖಿತವಾಗಿರಬೇಕೆಂದು ಅಥವಾ ವಿದ್ಯುನ್ಮಾನ ಮಾಧ್ಯಮದ ಮೂಲಕ ಇರಬೇಕೆಂದು ಹೇಳುತ್ತದೆಯೇ ಹೊರತು ಬೆರಳಚ್ಚನ್ನು ಕಡ್ಡಾಯಗೊಳಿಸಿಲ್ಲ. ಕರ್ನಾಟಕದ ನಿಯಮಗಳಂತೆ ಸದರಿ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು ಸಾಧಾರಣವಾಗಿ 150 ಪದಗಳನ್ನು ಮೀರಬಾರದು. ಬಿಳಿ ಹಾಳೆಯೊಂದರಲ್ಲಿ ಸ್ಫುಟವಾಗಿ ಕೈಯಿಂದ ಬರೆದು, ಸಹಿ ಮಾಡಿ, 10 ರೂಪಾಯಿ ಶುಲ್ಕದೊಂದಿಗೆ ಸಲ್ಲಿಸಬಹುದು.