ಕಬ್ಬಿನ ಉಣ್ಣೆ ಹೇನು ತಿನ್ನುವ ಡೈಫಾ ಪತಂಗ

ಕಬ್ಬಿನ ಗರಿಯ ಕೆಳಭಾಗದಲ್ಲಿ, ನಡುನರದ ಎರಡೂ ಬದಿಗೆ ಹತ್ತಿ ಅಂಟಿಸಿದಂತೆ ಬಿಳಿ ಪುಡಿ ಕಂಡರೆ ಅದು ಬಿಳಿ ಉಣ್ಣೆ ಹೇನು ಎಂಬುದು ರೈತ ಬಾಂಧವರಿಗೆ ತಿಳಿದೇ ಇದೆ. ಆದರೆ ಆ ಬಿಳಿಯ ನಡುವೆ ಬಲೆ ಕಟ್ಟಿಕೊಂಡಿರುವ ಹುಳುವನ್ನು ಇನ್ನೊಂದು ಪೀಡೆಯೆಂದು ತಿಳಿದು ಔಷಧಿ ಹೊಡೆಯುವುದುಂಟು. ಆ ಹುಳು ಗರಿಯನ್ನು ತಿನ್ನುವುದಿಲ್ಲ. ಹೇನನ್ನೇ ತಿಂದು ಬದುಕುತ್ತದೆ.

ಈ ಹೇನು 2002ರಲ್ಲಿ ಪಶ್ಚಿಮ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದ ಕಬ್ಬಿಗೆ ಭಾರಿ ಪ್ರಮಾಣದಲ್ಲಿ ಬಿದ್ದಿತು. ಹೇನು ರಸ ಹೀರಿ ಸಿಹಿ ಅಂಟನ್ನು ಸ್ರವಿಸುತ್ತದೆ. ಅದು ಬಿದ್ದ ಗರಿಗಳ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಗಂಡಿನ ನೆರವಿಲ್ಲದೆ ಮರಿ ಹಾಕುವುದರಿಂದ ಹೇನಿನ ಸಂಖ್ಯೆ ಬೇಗ ಹೆಚ್ಚುತ್ತದೆ. ಎತ್ತರಕ್ಕೆ ಬೆಳೆದ ಕಬ್ಬಿನೊಳಗೆ ನುಗ್ಗಿ ಔಷಧಿ ಸಿಂಪಡಿಸುವುದೂ ಸುಲಭವಲ್ಲ. ಆದ್ದರಿಂದ ಮಿತ್ರ ಕೀಟದ ನೆರವು ಮುಖ್ಯ.

ಡೈಫಾ ಎಫಿಡಿವೋರ ಎಂಬುದು ಮೂತಿ ಪತಂಗಗಳ ಕುಟುಂಬಕ್ಕೆ ಸೇರಿದೆ. ತಲೆಯ ಮುಂದೆ ಮೂತಿಯಂತೆ ಚಾಚಿರುವ ಅಂಗದಿಂದ ಈ ಕುಟುಂಬಕ್ಕೆ ಆ ಹೆಸರು. ದಾಸ್ತಾನಿನ ಧಾನ್ಯದಲ್ಲಿ ಬಲೆ ಕಟ್ಟುವ ಅಕ್ಕಿ ಪತಂಗವೂ ಇದರ ಬಳಗದ್ದೇ. ದಾಯಾದಿ ಧಾನ್ಯ ಕೆಡಿಸಿದರೆ ಇದು ಬೆಳೆ ಕಾಯುತ್ತದೆ.

ಹೆಣ್ಣು ಪತಂಗ ಹೇನುಗಳಿರುವ ಗರಿಯಲ್ಲಿ ಮೊಟ್ಟೆ ಇಡುತ್ತದೆ. ಹೊರಬಂದ ಮರಿಹುಳು ರೇಷ್ಮೆಯಂತಹ ನೂಲಿನಿಂದ ಬಲೆ ಹೆಣೆದು, ಅದರ ಮರೆಯಲ್ಲಿ ಮುಂದುವರಿಯುತ್ತಾ ಹೇನುಗಳನ್ನು ತಿನ್ನುತ್ತದೆ. ಪೂರ್ತಿ ಬೆಳೆದ ಮೇಲೆ ಗೂಡು ಕಟ್ಟಿ ಕೋಶವಾಗುತ್ತದೆ. ಮೊಟ್ಟೆಯಿಂದ ಪತಂಗವಾಗಲು ಸುಮಾರು ಒಂದು ತಿಂಗಳು ಸಾಕು.

ರೈತರು ಮಾಡಬೇಕಾದುದು:

1. ಔಷಧಿ ಹೊಡೆಯುವ ಮೊದಲು ಹೊಲದ ಹಲವು ಕಡೆ ಗರಿ ತಿರುವಿ ನೋಡಬೇಕು. ಬಲೆಯೊಳಗೆ ಹುಳು ಕಂಡರೆ ಸಿಂಪರಣೆ ನಿಲ್ಲಿಸಬೇಕು.

2. ಹುಳು ಅಥವಾ ಗೂಡು ಇರುವ ಗರಿಗಳನ್ನು ಕಿತ್ತು ಸುಡಬಾರದು.

3. ಹುಳು ಇಲ್ಲದ ಪೀಡಿತ ಹೊಲಕ್ಕೆ ಹೆಕ್ಟೇರಿಗೆ 1000, ಅಂದರೆ ಎಕರೆಗೆ ಸುಮಾರು 400 ಹುಳುಗಳನ್ನು ಬಿಡಬಹುದು. ಹುಳುವಿರುವ ಗರಿಯ ತುಂಡನ್ನು ಹೇನಿರುವ ಗರಿಗೆ ಸಿಕ್ಕಿಸಿದರಾಯಿತು.

4. ಇಂಥ ತುಂಡಿನೊಡನೆ ಹೇನೂ ಬರುತ್ತದೆ. ಆದಕಾರಣ ಹೇನಿಲ್ಲದ ಹೊಲಕ್ಕೆ ಒಯ್ಯಲೇಬಾರದು.

ಹುಳು ಬಿಟ್ಟ ಮರುದಿನವೇ ಗುಣ ಕಾಣದು. ಅವಸರಪಟ್ಟು ಔಷಧಿ ಹೊಡೆದರೆ ಹೇನಿನೊಡನೆ ಅದನ್ನು ತಿನ್ನುವ ಹುಳುವೂ ಸಾಯುತ್ತದೆ; ಅಳಿದುಳಿದ ಹೇನು ತಡೆಯಿಲ್ಲದೆ ಮತ್ತೆ ಹೆಚ್ಚುತ್ತದೆ. ಪಂಪು ಹೊರುವ ಮೊದಲು ಗರಿ ತಿರುವಿ ನೋಡುವ ರೂಢಿ ಎಲ್ಲ ಕಬ್ಬು ಬೆಳೆಗಾರರಿಗೂ ಬರಬೇಕು.